ಬಿಸಿಲತ್ತೆ

ನಾನು ರಜೆಗೆ ಊರಿಗೆ ಬಂದ ದಿನ ಬಿಸಿಲು ಕುಂಬಾರ ಬೀದಿಯಲ್ಲಿತ್ತು. ಬಸ್ಸಿಳಿದವಳು ಮನೆಯ ಕಡೆ ಹೋಗಲಿಲ್ಲ. ಆ ಹೊತ್ತಿನಲ್ಲಿ ಮನೆಗೆ ಬೀಗ ಬಿದ್ದಿರುತ್ತದೆಂದು ಗೊತ್ತಿತ್ತು. ಟ್ರಂಕನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತ, ಇಬ್ಬನಿಯಲ್ಲಿ ಇನ್ನೂ ತೊಯ್ದುಕೊಂಡಿದ್ದ ನಾಲ್ಕು ಬೀದಿಗಳನ್ನು ದಾಟಿ ಕುಂಬಾರ ಬೀದಿಯ ತುದಿಗೆ ಬಂದೆ. ಅಲ್ಲಿ ಯಾರೋ ಸುಣ್ಣದಲ್ಲಿ ಗೆರೆ ಎಳೆದ ಹಾಗೆ ಬಿಸಿಲು ಶುರುವಾಗಿತ್ತು. ಗೆರೆ ದಾಟಿದ ಕೂಡಲೇ ಕೆನ್ನೆ ಬೆಚ್ಚಗಾಯಿತು. ಎರಡೂ ಬದಿಯ ಜಗಲಿಗಳ ಮೇಲೆ ಅರ್ಧ ಊರೇ ಕೂತಿತ್ತು. ಬಾಣಂತಿಯರು ಎಳೆಗೂಸುಗಳಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡಿದ್ದರು. ಕ್ಷೌರದವನು ಕುರ್ಚಿಯನ್ನು ನಡುಬೀದಿಗೆ ತಂದಿದ್ದ. ಒಂದು ಮನೆಯ ಮುಂದೆ ಹೆಣ್ಣು ನೋಡಲು ಬಂದವರು ಕಾಫಿ ಲೋಟ ಹಿಡಿದು ಕೂತಿದ್ದರು; ನಮ್ಮಲ್ಲಿ ಹುಡುಗಿಯನ್ನು ತೋರಿಸುವುದು ಬಿಸಿಲಿರುವ ಬೀದಿಯಲ್ಲೇ.

ಎಡಗಡೆಯ ಏಳನೆಯ ಜಗಲಿಯ ಮೇಲೆ ಅವ್ವ ಹಪ್ಪಳ ಮಗುಚಿ ಹಾಕುತ್ತಿದ್ದಳು. ಅಪ್ಪ ಹೊಲಿಗೆ ಮಿಷನ್ನಿನ ಮುಂದೆ ಬಗ್ಗಿ ಸೂಜಿಗೆ ದಾರ ಪೋಣಿಸುತ್ತಿದ್ದರು. ಅಜ್ಜಿ ಚಾಪೆಯ ಮೇಲೆ ಕಾಲು ಚಾಚಿಕೊಂಡು, ಕಾಣದ ಕಣ್ಣುಗಳನ್ನು ಬಿಸಿಲಿಗೆ ಒಡ್ಡಿ ಕೂತಿದ್ದಳು. ಹೆಜ್ಜೆ ಸದ್ದಿನಲ್ಲೇ ನನ್ನನ್ನು ಗುರುತು ಹಿಡಿದವಳು ಅವಳು.

"ದಾಕ್ಷಿ ಬಂತು ನೋಡೇ," ಅಂದಳು.

ಅವ್ವ ಎದ್ದು ಬಂದಳು. ಕೈಯೆಲ್ಲ ಉದ್ದಿನ ಹಿಟ್ಟಾಗಿದ್ದರಿಂದ ಮೊಣಕೈಯಲ್ಲೇ ನನ್ನ ಕುತ್ತಿಗೆ ಬಳಸಿ ಹತ್ತಿರ ಎಳೆದುಕೊಂಡಳು. ಆಮೇಲೆ ನನ್ನ ಹಿಂದೆ ಬೀದಿಯ ಉದ್ದಕ್ಕೂ ನೋಡಿದಳು.

"ಓಂಕಾರ ಎಲ್ಲಿ? ಜೊತೇಲಿ ಬರ್ಲಿಲ್ವಾ?"

"ಅವನಿಗೆ ಪ್ರಾಕ್ಟಿಕಲ್ ಪರೀಕ್ಷೆ ಇದೆಯಂತೆ ಅವ್ವ. ಮುಂದಿನ ತಿಂಗಳು ಬರ್ತಾನಂತೆ."

ದಾರಿಯುದ್ದಕ್ಕೂ ಬಸ್ಸಿನಲ್ಲಿ ಈ ಮಾತನ್ನು ಉರು ಹೊಡೆದುಕೊಂಡು ಬಂದಿದ್ದೆ. ಸಲೀಸಾಗಿ ಬಂತು. ಅವ್ವನ ಮುಖ ಇಳಿಯಿತು. "ಅಯ್ಯೋ, ಮಂಗಳಕ್ಕ ಮಗ ಬರೋ ದಿನಾನೇ ಎಣಿಸ್ತಾ ಕೂತಿದಾಳಲ್ಲೇ," ಅಂದವಳು ಮತ್ತೆ ಹಪ್ಪಳದ ಕಡೆ ತಿರುಗಿದಳು.

ನಮ್ಮೂರಿಗೆ ಹನ್ನೊಂದು ಬೀದಿ. ದಿನಕ್ಕೊಂದು ಬೀದಿಗೆ ಬಿಸಿಲು. ಬೇಸಿಗೆಯಲ್ಲಿ ಬಿಸಿಲು ಬಿದ್ದ ಬೀದಿಯವರು ಬೇರೆ ಬೀದಿಯ ನೆರಳಿಗೆ ಹೋಗುತ್ತಾರೆ; ಚಳಿಗಾಲದಲ್ಲಿ ಬೇರೆ ಬೀದಿಯವರೆಲ್ಲ ಬಿಸಿಲಿಗೆ ಬರುತ್ತಾರೆ. ಹಾಗಾಗಿ ಪ್ರತಿ ಮನೆಗೂ ಉಳಿದ ಹತ್ತು ಬೀದಿಗಳಲ್ಲಿ ಹತ್ತು ಬಿಸಿಲು ನೆಂಟರು. ಅವರ ಜಗಲಿಯ ಮೇಲೆ ನಮ್ಮ ಚಾಪೆಗೊಂದು ಜಾಗ ಇರುತ್ತದೆ. ಈ ನೆಂಟಸ್ತಿಕೆ ಜಾತಿ ನೋಡಿ ಆದದ್ದಲ್ಲ, ಯಾವಾಗ ಆಯಿತೆಂದು ಹೇಳುವವರೂ ಇಲ್ಲ. ಮದುವೆಯಾಗಿ ಬಂದ ಸೊಸೆಗೆ ಅತ್ತೆ ಮೊದಲು ತೋರಿಸುವುದು ಈ ಹತ್ತು ಜಗಲಿಗಳನ್ನು. ತಮ್ಮ ಬೀದಿಗೆ ಬಿಸಿಲು ಬಂದ ದಿನ ಯಾರೂ ಮನೆಗೆ ಬೀಗ ಹಾಕುವಂತಿಲ್ಲ, ಬಂದವರನ್ನು ಏಳಿಸುವಂತಿಲ್ಲ. ಎಷ್ಟೇ ಜಗಳವಾದರೂ ಚಾಪೆ ಚಾಪೆಯೇ; ಚಾಪೆ ಸುತ್ತಿಕೊಟ್ಟರೆ ನೆಂಟಸ್ತಿಕೆಯೇ ಮುರಿದ ಹಾಗೆ.

ಬಳೆಗಾರರ ಬೀದಿಯಲ್ಲಿ ನಮ್ಮ ಬಿಸಿಲು ನೆಂಟರೆಂದರೆ ಮಂಗಳತ್ತೆಯ ಮನೆ. ಅವಳು ನನಗೆ ಬಿಸಿಲತ್ತೆ. ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಬಳೆ ಅಂಗಡಿ ಇಟ್ಟುಕೊಂಡು ಒಬ್ಬನೇ ಮಗ ಓಂಕಾರನನ್ನು ಬೆಳೆಸಿದಳು. ಎಂಥ ದಪ್ಪ ಕೈಯಾದರೂ ಅವಳು ಹಿಡಿದು ಒತ್ತಿದರೆ ಎಲುಬು ಮೆತ್ತಗಾಗಿ ಬಳೆ ಸರ್ರನೆ ಏರುತ್ತಿತ್ತು. ಓಂಕಾರ ಮತ್ತು ನಾನು ಒಂದೇ ವಯಸ್ಸಿನವರು. ಅವರ ಬೀದಿಯ ಬಿಸಿಲಿನಲ್ಲಿ ನಾನು, ನಮ್ಮ ಬೀದಿಯ ಬಿಸಿಲಿನಲ್ಲಿ ಅವನು, ಹೀಗೆ ಹನ್ನೊಂದು ದಿನಕ್ಕೆ ಎರಡು ಸಲ ಒಟ್ಟಿಗೆ ಪಾಠ ಓದಿ ದೊಡ್ಡವರಾದೆವು. ಜುಲೈ ತಿಂಗಳಲ್ಲಿ ಒಂದೇ ಬಸ್ಸಿನಲ್ಲಿ ನಗರದ ಕಾಲೇಜಿಗೆ ಹೋದೆವು.

ಬಸ್ಸಿಳಿದಾಗ ಅಲ್ಲಿ ಎಲ್ಲ ಬೀದಿಗಳಲ್ಲೂ ಬಿಸಿಲಿತ್ತು. ನಾನು ಎರಡು ದಿನ ಬೆರಗಾದೆ, ಮೂರನೆಯ ದಿನ ಮರೆತೆ. ಓಂಕಾರ ಮರೆಯಲಿಲ್ಲ. ಕ್ಲಾಸು ಬಿಟ್ಟು ಮೈದಾನದಲ್ಲಿ ಕೂರುತ್ತಿದ್ದ. ಲೆಕ್ಕದ ಪಾಠ ಅವನ ತಲೆಗೆ ಹತ್ತಲಿಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ಎಲ್ಲದರಲ್ಲೂ ಹೋಯಿತು. ಸೆಪ್ಟೆಂಬರ್ ತಿಂಗಳ ಒಂದು ಸಂಜೆ ನನ್ನ ಹಾಸ್ಟೆಲಿನ ಗೇಟಿನ ಹತ್ತಿರ ಬಂದು, ಸಮುದ್ರದ ದಂಡೆಯಲ್ಲಿ ಉಪ್ಪಿನ ಗದ್ದೆಗಳಿವೆಯಂತೆ, ಅಲ್ಲಿ ಕೆಲಸಕ್ಕೆ ಹೋಗುತ್ತೇನೆ ಅಂದ. ಅಲ್ಲಿ ಮೈಲಿಗಟ್ಟಲೆ ಒಂದು ಮರವೂ ಇಲ್ಲ, ಬೆಳಗಿನಿಂದ ಸಂಜೆವರೆಗೆ ಬಿಸಿಲೇ ಬಿಸಿಲು ಅಂತ ಹೇಳುವಾಗ ಅವನ ಮುಖ ನೋಡಬೇಕಿತ್ತು. ಅಮ್ಮನಿಗೆ ಹೇಳಬೇಡ ಅಂದ. ನಾನು ಆಯ್ತು ಅಂದೆ.

ಅಷ್ಟಕ್ಕೇ ನಿಂತಿದ್ದರೆ ಬೇರೆ ಮಾತು. ಅವನು ಹತ್ತು ಹನ್ನೆರಡು ದಿನಕ್ಕೊಮ್ಮೆ ಅಲ್ಲಿಂದ ತನ್ನ ಅಮ್ಮನಿಗೊಂದು ಕಾಗದ ಬರೆದು, ಅದನ್ನು ಇನ್ನೊಂದು ಲಕೋಟೆಯಲ್ಲಿಟ್ಟು ನನಗೆ ಕಳಿಸುತ್ತಿದ್ದ. ನಗರದ ಅಂಚೆ ಮುದ್ರೆ ಬೀಳಲೆಂದು ನಾನು ಅದನ್ನು ಹಾಸ್ಟೆಲಿನ ಹತ್ತಿರದ ಅಂಚೆ ಡಬ್ಬಕ್ಕೆ ಹಾಕುತ್ತಿದ್ದೆ. ಹಾಕುವ ಮುಂಚೆ ಓದುತ್ತಿದ್ದೆ ಕೂಡ. ಎರಡು ಸಲ, ಕಾಲೇಜಿನ ಬಗ್ಗೆ ಅವನು ಬರೆದದ್ದು ನಂಬುವ ಹಾಗಿಲ್ಲವೆಂದು, ಏನು ಬರೆಯಬೇಕೆಂದು ನಾನೇ ಅವನಿಗೆ ತಿಳಿಸಿದ್ದೆ. ರಜೆಗೆ ಹೊರಡುವ ಮುಂಚೆ ಬಂದ ಕಾಗದವನ್ನು ಮಾತ್ರ, "ಇದನ್ನು ನೀನೇ ಕೈಯಾರೆ ಕೊಡು" ಅಂದಿದ್ದ.

ಮೂರನೆಯ ದಿನ ಬಿಸಿಲು ನಮ್ಮ ಬೀದಿಗೆ ಬಂತು. ಹಳೆ ಅಂಚೆ ಬೀದಿ ನಮ್ಮದು. ಬೆಳಿಗ್ಗೆಯೇ ಜಗಲಿ ತೊಳೆದು ಒರೆಸಿದೆವು. ನೆಂಟರು ಒಬ್ಬೊಬ್ಬರಾಗಿ ಚಾಪೆ ತಂದು ಹಾಸಿದರು. ಮಂಗಳತ್ತೆ ಕೊನೆಗೆ ಬಂದಳು. ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಜುಲೈನಲ್ಲಿ ನೋಡಿದ್ದ ಮುಖವಲ್ಲ ಅದು. ತುಟಿಗಳಲ್ಲಿ ರಕ್ತವೇ ಇರಲಿಲ್ಲ, ಕಣ್ಣ ಕೆಳಗೆ ಬೂದಿ ಮೆತ್ತಿದ ಹಾಗಿತ್ತು. ಕೂತವಳೇ ನನ್ನ ಕೈ ಎಳೆದುಕೊಂಡು ಮಣಿಕಟ್ಟು ಹಿಡಿದು ನೋಡಿದಳು.

"ಸೊರಗಿದೀಯಲ್ಲೇ. ಅವ್ನೂ ಹಿಂಗೇ ಆಗಿದಾನಾ?"

"ಇಲ್ಲ ಅತ್ತೆ. ಚೆನ್ನಾಗಿದಾನೆ. ಕಾಗದ ಕೊಟ್ಟಿದಾನೆ."

"ಓದು, ಓದು," ಅಂದಳು. ಅವಳು ಎರಡನೆಯ ಕ್ಲಾಸಿಗೇ ಶಾಲೆ ಬಿಟ್ಟವಳು. ಬಂದ ಕಾಗದಗಳನ್ನು ಅವ್ವ ಓದಿ ಹೇಳುತ್ತಿದ್ದಳಂತೆ. ಈ ಸಲ ನಾನೇ ಓದಬೇಕಾಯಿತು. ಪ್ರಾಕ್ಟಿಕಲ್ ಪರೀಕ್ಷೆ, ಮೇಷ್ಟ್ರು ರಜೆ ಕೊಡುವುದಿಲ್ಲ, ಸಂಕ್ರಾಂತಿ ಕಳೆದ ಮೇಲೆ ಖಂಡಿತ ಬರುತ್ತೇನೆ. ನಡುವೆ ಕೆಮ್ಮಿದ ಹಾಗೆ ಮಾಡಿದೆ. ಅವಳು ಒಂದೊಂದು ವಾಕ್ಯಕ್ಕೂ ತಲೆಯಾಡಿಸುತ್ತ, ಪಕ್ಕದ ಚಾಪೆಯವರಿಗೂ ಕೇಳಲೆಂದು "ಇನ್ನೊಂದ್ಸಲ ಓದು" ಅಂದಳು. ಓದಿದೆ.

ಕಾಗದವನ್ನು ಮಡಚಿ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಅವ್ವನ ಕಡೆ ತಿರುಗಿದಳು. "ಹಂಗಾದ್ರೆ ಸಂಕ್ರಾಂತಿ ಆದ್ಮೇಲೇ ಇಟ್ಕೊಳ್ಳಣ ಬಿಡು."

"ಮಂಗಳಕ್ಕ, ಡಾಕ್ಟ್ರಮ್ಮ ಏನಂದ್ರು ಮರೆತ್ಯಾ?"

"ಓದೋ ಹುಡುಗ. ಈಗ ಕರೆಸಿ ಅವನ ಪರೀಕ್ಷೆ ಕೆಡಿಸ್ಲಾ? ಆಗುತ್ತೆ ಬಿಡು."

ಸಂಜೆ ಚಾಪೆಗಳೆಲ್ಲ ಎದ್ದ ಮೇಲೆ ಅವ್ವ ಹೇಳಿದಳು. ಮಂಗಳತ್ತೆಯ ಗರ್ಭಕೋಶದಲ್ಲಿ ಗಡ್ಡೆ. ದೀಪಾವಳಿಯಿಂದ ರಕ್ತ ನಿಂತಿಲ್ಲ. ನಮ್ಮೂರಿನಲ್ಲಿ ಆಪರೇಷನ್ ಮಾಡುವುದು ಆಸ್ಪತ್ರೆ ಬೀದಿಗೆ ಬಿಸಿಲು ಬರುವ ದಿನ ಮಾತ್ರ. ಈ ಸರದಿಯಲ್ಲಿ ಮಾಡಿಸಲೇಬೇಕು, ಮುಂದಿನದಕ್ಕೆ ತಳ್ಳಬೇಡಿ ಅಂತ ಡಾಕ್ಟರಮ್ಮ ಎರಡೆರಡು ಸಲ ಹೇಳಿದ್ದರು. ಸ್ವಂತದವರು ಒಬ್ಬರು ಸಹಿ ಹಾಕಬೇಕು. ಅವಳಿಗೆ ಮಗನನ್ನು ಬಿಟ್ಟರೆ ಯಾರೂ ಇಲ್ಲ. "ರಜೆಗೆ ಬಂದೇ ಬರ್ತಾನೆ, ಆಗ ಮಾಡಿಸ್ಕೋತೀನಿ ಅಂತ ಕಾಯ್ತಾ ಇದ್ಲು. ಅವನಿಗೆ ಬರೀಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದಾಳೆ," ಅಂದಳು.

ಆಸ್ಪತ್ರೆ ಬೀದಿಗೆ ಬಿಸಿಲು ಬರಲು ಇನ್ನು ಏಳು ದಿನ ಇತ್ತು.

ಮರುದಿನ ಬಿಸಿಲು ದೂರದ ಬೀದಿಯಲ್ಲಿತ್ತು. ಅಜ್ಜಿಯ ಮಂಡಿಗೆ ಎಣ್ಣೆ ತಿಕ್ಕುತ್ತ ಕೂತಿದ್ದಾಗ ಅವಳಿಗೆ ಎಲ್ಲ ಹೇಳಿಬಿಟ್ಟೆ. ಕಣ್ಣು ಕಾಣದವಳ ಮುಂದೆ ಹೇಳುವುದು ಸುಲಭ ಅನ್ನಿಸಿತ್ತೇನೋ. ನಾನು ಮುಗಿಸಿದ ಮೇಲೆ, "ಮಂಗಳಂಗೆ ಹೇಳು," ಅಂದಳು.

"ಹೇಳಿದ್ರೆ ಚಾಪೆ ಸುತ್ತಿ ಕೊಡ್ತಾಳೆ ಅಜ್ಜಿ. ಆ ಬೀದೀಲಿ ನಿಂಗೆ ಕೂರೋಕೆ ಜಾಗ ಇರಲ್ಲ."

"ನನ್ನ ಜಾಗ ಉಳಿಸೋಕೆ ನೀನು ಸುಮ್ನಿದ್ರೆ, ಅಲ್ಲಿ ನಾನು ಹೆಂಗೆ ಕೂರ್ಲಿ?" ಅಂದಳು ಅಜ್ಜಿ. ಕಾಲು ಹಿಂದಕ್ಕೆ ಎಳೆದುಕೊಂಡಳು. ಎಣ್ಣೆ ಬಟ್ಟಲು ನನ್ನ ಕೈಯಲ್ಲೇ ಉಳಿಯಿತು.

ಆದರೂ ಎರಡು ದಿನ ಹೋಯಿತು. ಮಂಗಳತ್ತೆಯ ಮನೆಗೆ ಹೋಗಿ ಒಬ್ಬಳೇ ಇರುವಾಗ ಹೇಳಬಹುದಿತ್ತು. ಐದನೆಯ ದಿನ ಅವರ ಬೀದಿಯ ತಿರುವಿನವರೆಗೂ ಹೋಗಿ, ಅಂಗಡಿಯಲ್ಲಿ ಯಾರೋ ಇದ್ದಾರೆಂದು ನೆಪ ಹೇಳಿಕೊಂಡು ವಾಪಸ್ಸು ಬಂದೆ. ಆರನೆಯ ದಿನ ಬಿಸಿಲೇ ಬಳೆಗಾರರ ಬೀದಿಗೆ ಬಂತು.

ಅವಳ ಜಗಲಿ ತುಂಬಿತ್ತು. ಹಪ್ಪಳದ ತಟ್ಟೆಗಳು, ಅಪ್ಪನ ಮಿಷನ್ನು, ಗೋಡೆಯ ಪಕ್ಕ ಅಜ್ಜಿ. ಅಂಗಡಿಯ ಬಾಗಿಲಲ್ಲಿ ತೂಗುಹಾಕಿದ ಬಳೆಯ ಸರಗಳು ಬಿಸಿಲಿಗೆ ಗೋಡೆಯ ತುಂಬ ಬಣ್ಣ ಚೆಲ್ಲಿದ್ದವು. ಮಂಗಳತ್ತೆ ಎರಡು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತ ಎಲ್ಲರಿಗೂ ಕಾಫಿ ಕೊಡುತ್ತಿದ್ದಳು. ನನಗೆ ಕೊಡಲು ಬಗ್ಗಿದಾಗ ಲೋಟ ಅಲುಗಿತು. ನಾನು ಲೋಟದ ಜೊತೆ ಅವಳ ಕೈಯನ್ನೂ ಹಿಡಿದೆ.

"ಅತ್ತೆ, ಆಪರೇಷನ್ ಮುಂದಕ್ಕೆ ಹಾಕ್ಬೇಡಿ. ಓಂಕಾರಂಗೆ ಪರೀಕ್ಷೆ ಇಲ್ಲ."

"ಇಲ್ವಾ? ಮತ್ತೆ ಕಾಗದದಲ್ಲಿ..."

"ಅವನು ಕಾಲೇಜು ಬಿಟ್ಟಿದಾನೆ ಅತ್ತೆ. ಸೆಪ್ಟೆಂಬರ್‌ನಲ್ಲೇ. ಸಮುದ್ರದ ಹತ್ರ ಉಪ್ಪಿನ ಗದ್ದೆಲಿ ಕೆಲಸ ಮಾಡ್ತಿದಾನೆ. ಕಾಗದ ಅಲ್ಲಿಂದ ಬರೆದು ಕಳಿಸ್ತಾನೆ. ನಾನು ಪೋಸ್ಟ್ ಮಾಡ್ತೀನಿ."

ಅಪ್ಪನ ಮಿಷನ್ನಿನ ಗಾಲಿ ಇನ್ನೂ ನಾಲ್ಕು ಸುತ್ತು ತಾನಾಗಿ ತಿರುಗಿ ನಿಂತಿತು. ಮಂಗಳತ್ತೆ ನನ್ನ ಪಕ್ಕದಲ್ಲೇ ಕೂತಳು.

"ಮೊನ್ನೆ ಓದಿದ್ದು?"

"ಅದೂ."

"ಎಷ್ಟು ಕಾಗದ ಹಂಗೆ?"

"ಎಂಟೂ ಅತ್ತೆ."

ಅವಳು ಎದ್ದು ಅಜ್ಜಿಯ ಹತ್ತಿರ ಹೋದಳು. ಎರಡೂ ಕೈ ಹಿಡಿದು ಮೆಲ್ಲಗೆ ಎಬ್ಬಿಸಿ ಗೋಡೆಗೆ ಒರಗಿಸಿ ನಿಲ್ಲಿಸಿದಳು. ನಮ್ಮ ಚಾಪೆಯನ್ನು ಸುತ್ತಿದಳು. ಸುತ್ತುವಾಗ ಒಂದು ತುದಿ ಸೊಟ್ಟಗಾಯಿತೆಂದು ಬಿಚ್ಚಿ ಮತ್ತೆ ಸರಿಯಾಗಿ ಸುತ್ತಿದಳು. ಅದನ್ನು ತಂದು ನನ್ನ ಮಡಿಲಲ್ಲಿಟ್ಟು ಒಳಗೆ ಹೋದಳು. ಇಡೀ ಬೀದಿ ನೋಡುತ್ತಿತ್ತು. ನಾನು ಹುಟ್ಟಿದ ಮೇಲೆ ಊರಿನಲ್ಲಿ ಚಾಪೆ ಸುತ್ತಿಕೊಟ್ಟದ್ದು ಒಂದೇ ಸಲ, ಅದು ಕೊಲೆಯಾದ ಮನೆಯಲ್ಲಿ.

ಅವ್ವ ಅರೆ ಒಣಗಿದ ಹಪ್ಪಳಗಳನ್ನು ಒಂದರ ಮೇಲೊಂದು ಹೇರಿಕೊಂಡಳು. ಅವು ಅಂಟಿಕೊಂಡು ಹಾಳಾಗುತ್ತವೆಂದು ಅವಳಿಗೆ ಗೊತ್ತಿತ್ತು. ಗೆರೆ ದಾಟಿ ನೆರಳಿನ ಬೀದಿಗೆ ಬಂದ ಮೇಲೆ ಮೊದಲ ಮಾತಾಡಿದಳು.

"ನಿಂಗೆ ಹಗುರಾಯ್ತಲ್ಲ? ಮೂರು ತಿಂಗ್ಳು ಹೊತ್ಕೊಂಡಿದ್ದನ್ನ ಅವಳ ತಲೆ ಮೇಲಿಟ್ಟೆ. ಈ ಸ್ಥಿತೀಲಿ ಅವಳು ಹೊರಬೇಕೀಗ."

ಅಪ್ಪ ಮಿಷನ್ನನ್ನು ಭುಜದಿಂದ ಇಳಿಸಿ ಒಂದು ಮನೆಯ ಮೆಟ್ಟಿಲ ಮೇಲಿಟ್ಟರು. ಅವರು ನನ್ನನ್ನು ಬೈಯುತ್ತಾರೆಂದುಕೊಂಡೆ. "ಅವನ ವಿಳಾಸ ಇದೆಯೇನಮ್ಮ?" ಅಂದರು. ಇದೆ ಅಂದೆ. "ನಡಿ ಮತ್ತೆ. ಅಂಚೆ ಕಚೇರಿ ಮುಚ್ಚೋಕೆ ಮುಂಚೆ ಟೆಲಿಗ್ರಾಂ ಕೊಡೋಣ."

ಅಮ್ಮ ಆಸ್ಪತ್ರೆ, ಗೊತ್ತಾಗಿದೆ, ಬಾ. ಇಷ್ಟೇ ಬರೆದೆವು. 'ಗೊತ್ತಾಗಿದೆ' ಬೇಕಾ ಅಂತ ಅಪ್ಪ ಕೇಳಿದರು. ಬೇಕು ಅಂದೆ.

ಓಂಕಾರ ಒಂಬತ್ತನೆಯ ದಿನ ಮಧ್ಯಾಹ್ನ ಬಂದ. ಮೊದಲು ನಮ್ಮ ಮನೆಗೇ ಬಂದ. ಬಾಗಿಲು ತೆಗೆದ ನಾನು ಒಂದು ಕ್ಷಣ ಗುರುತಿಸಲಿಲ್ಲ. ನಮ್ಮೂರಿನಲ್ಲಿ ಅಷ್ಟು ಕಪ್ಪಾದವರನ್ನು ಯಾರೂ ನೋಡಿರಲಿಲ್ಲ. ಮೂಗಿನ ಮೇಲೆ ಚರ್ಮ ಸುಲಿದಿತ್ತು. ಪಾದದ ಬಿರುಕುಗಳಲ್ಲಿ ಉಪ್ಪು ಬೆಳ್ಳಗೆ ಕೂತಿತ್ತು. ಆದರೆ ಅವನ ಭುಜ ಅಗಲವಾಗಿತ್ತು, ನೆಟ್ಟಗೆ ನಿಂತಿದ್ದ.

"ಹೇಳ್ಬಿಟ್ಯಾ?" ಅಂದ.

"ಹೇಳ್ದೆ."

"ನಿನ್ಮೇಲೆ ಸಿಟ್ಟು ಬರ್ತಿದೆ ನಂಗೆ."

"ಬರ್ಲಿ."

ಅವನು ಹೊಸಿಲು ದಾಟಲಿಲ್ಲ. ಆಮೇಲೆ, "ಜೊತೆಗೆ ಬಾ. ಒಬ್ನೇ ಹೋಗೋಕಾಗ್ತಿಲ್ಲ," ಅಂದ.

ಹೋದಾಗ ಮಂಗಳತ್ತೆ ಅಂಗಡಿಯಲ್ಲಿ ಒಬ್ಬ ಮದುಮಗಳಿಗೆ ಬಳೆ ತೊಡಿಸುತ್ತಿದ್ದಳು. ಬಾಗಿಲಿಗೆ ಅಡ್ಡ ನಿಂತ ಮಗನನ್ನು ತಲೆಯೆತ್ತಿ ನೋಡಿದಳು. ಹುಡುಗಿಯ ಕೈ ಬಿಡಲಿಲ್ಲ. ಒಂದೊಂದೇ ಬಳೆ ಏರಿಸಿದಳು. ಡಜನ್ ಮುಗಿಯುವವರೆಗೆ ಅವನು ಹಾಗೇ ನಿಂತಿದ್ದ. ಕೊನೆಯ ಬಳೆ ಏರಿದ ಮೇಲೆ ಅವಳು ಕೈಯ ಸೋಪಿನ ನೀರನ್ನು ಸೆರಗಿಗೆ ಒರೆಸಿಕೊಂಡಳು.

"ಊಟ ಮಾಡಿದ್ಯಾ?" ಅಂದಳು ಅವನಿಗೆ.

ಅವನು ಅಲ್ಲೇ ಕುಸಿದು ಕೂತು ಅಳಲು ಶುರು ಮಾಡಿದ. ಅವಳು ನನ್ನ ಕಡೆ ತಿರುಗಿದಳು. "ನೀನು ಹೋಗು."

ಹತ್ತನೆಯ ದಿನ ಬಿಸಿಲು ಆಸ್ಪತ್ರೆ ಬೀದಿಗೆ ಬಂತು. ಓಂಕಾರ ಸಹಿ ಹಾಕಿದ. ಅವ್ವ ಆ ದಿನ ಹಪ್ಪಳ ಹಾಕಲಿಲ್ಲ. ಅಜ್ಜಿಯನ್ನು ಕರೆದುಕೊಂಡು ಹೋಗಿ ಆಸ್ಪತ್ರೆಯ ಎದುರಿನ ಜಗಲಿಯ ಮೇಲೆ ಸಂಜೆವರೆಗೂ ಕೂತಳು. ನಾನು ಅವರಿಗಿಂತ ಸ್ವಲ್ಪ ದೂರ ಕೂತೆ. ಓಂಕಾರ ಕೂರಲೇ ಇಲ್ಲ. ಕಿಟಕಿಗಳಿಗೆಲ್ಲ ಬಿಸಿಲು ಹೊಡೆಯುತ್ತಿತ್ತು. ನಾಲ್ಕು ಗಂಟೆಗೆ ಡಾಕ್ಟರಮ್ಮ ಮೆಟ್ಟಿಲಿಗೆ ಬಂದು ಅವನ ಹೆಗಲು ಮುಟ್ಟಿದರು. "ಇನ್ನೂ ಹನ್ನೊಂದು ದಿನ ಬಿಟ್ಟು ಬಂದಿದ್ರೆ ನನ್ನ ಕೈಲಿ ಆಗ್ತಿರ್ಲಿಲ್ಲಪ್ಪ," ಅಂದರು. ಅವ್ವ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತಳು. ನನ್ನ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು.

ಮೂರು ದಿನ ಕಳೆದು ಓಂಕಾರ ಬಂದು, ಅಮ್ಮ ಕರೀತಿದಾಳೆ, ಸ್ಲೇಟು ಬಳಪ ತಗೊಂಡು ಬರಬೇಕಂತೆ ಅಂದ. ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ವಾರ್ಡಿನಲ್ಲಿ ಮಂಗಳತ್ತೆ ದಿಂಬಿಗೆ ಒರಗಿ ಕೂತಿದ್ದಳು. ನಾನು ಹತ್ತಿರ ಹೋದರೂ ಎಂದಿನಂತೆ ನನ್ನ ಕೈ ಹಿಡಿಯಲಿಲ್ಲ.

"ನಂಗೆ ಅಕ್ಷರ ಕಲಿಸು," ಅಂದಳು. "ಚಿಕ್ಕವಳಿದ್ದಾಗ ಸ್ವಲ್ಪ ಬರ್ತಿತ್ತು. ಮರ್ತಿದೆ. ಇನ್ಮೇಲೆ ನನ್ನ ಕಾಗದ ಯಾರೂ ಓದೋದು ಬೇಡ."

"ಆಯ್ತು ಅತ್ತೆ."

"ಕ್ಷಮಿಸಿದೀನಿ ಅಂತ ತಿಳ್ಕೋಬೇಡ."

"ಇಲ್ಲ ಅತ್ತೆ."

ನನ್ನ ರಜೆ ಆಮೇಲೆ ಹೀಗೆಯೇ ಕಳೆಯಿತು. ಎಂಟು ದಿನ ಆಸ್ಪತ್ರೆಯಲ್ಲಿ, ಆಮೇಲೆ ಅವಳ ಮನೆಯಲ್ಲಿ, ಬೆಳಿಗ್ಗೆ ಎರಡು ಗಂಟೆ ಹೊತ್ತು, ಸಂಜೆ ಒಂದು ಗಂಟೆ ಹೊತ್ತು ಪಾಠ. ಅಕ್ಷರಮಾಲೆ ಅವಳ ನಾಲಿಗೆಯಲ್ಲೇ ಎಲ್ಲೋ ಅಡಗಿ ಕೂತಿತ್ತು. ನಾನು ಮೊದಲ ನಾಲ್ಕು ಹೇಳಿದರೆ ಉಳಿದವು ತಾವೇ ಬರುತ್ತಿದ್ದವು. ಕಣ್ಣಿಗೆ ಮಾತ್ರ ಎಲ್ಲ ಹೊಸದು. ಬಳೆ ತೊಡಿಸುವ ಬೆರಳುಗಳು ಬಳಪವನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಿದ್ದವೆಂದರೆ ದಿನಕ್ಕೆ ಎರಡು ಬಳಪ ಮುರಿಯುತ್ತಿದ್ದವು. ಒತ್ತಕ್ಷರ ಬಂದಾಗ ಸಿಟ್ಟು ಬರುತ್ತಿತ್ತು ಅವಳಿಗೆ. "ಒಂದರ ಕಾಲಡಿಗೆ ಇನ್ನೊಂದನ್ನ ಯಾಕೆ ತುರುಕ್ತಾರೆ?" ಅನ್ನುತ್ತಿದ್ದಳು. ಪಾಠ ಬಿಟ್ಟು ಬೇರೆ ಮಾತಿಲ್ಲ. ಪಾಠ ಮುಗಿದ ಕೂಡಲೇ "ಸರಿ" ಅನ್ನುತ್ತಿದ್ದಳು. ನಾನು ಎದ್ದು ಬರಬೇಕು.

ಓಂಕಾರ ಅಡಿಗೆ ಮಾಡುತ್ತಿದ್ದ, ಅಂಗಡಿ ನೋಡಿಕೊಳ್ಳುತ್ತಿದ್ದ. ಬಳೆಗಾರರ ಬೀದಿಗೆ ಮತ್ತೆ ಬಿಸಿಲು ಬಂದ ದಿನ ಅವಳಿನ್ನೂ ಆಸ್ಪತ್ರೆಯಲ್ಲಿದ್ದುದರಿಂದ ಅವನೇ ಬಾಗಿಲು ತೆಗೆದು ನೆಂಟರನ್ನು ಕೂರಿಸಿದ. ಉಳಿದ ದಿನಗಳಲ್ಲಿ ಬಿಸಿಲು ಯಾವ ಬೀದಿಯಲ್ಲಿದೆಯೋ ಅಲ್ಲಿಗೆ ಗಳಿಗೆ ಬಿಡುವಾದರೂ ಓಡುತ್ತಿದ್ದ. ಜಗಲಿಯ ಮೇಲೆ ಕೂರದೆ ಬೀದಿಯ ನಡುವೆ ಅಂಗಿ ಬಿಚ್ಚಿ ನಿಲ್ಲುತ್ತಿದ್ದ. ಜನ ನಗುತ್ತಿದ್ದರು. ಸಂಜೆ ಗೆರೆ ಹಿಂದೆ ಸರಿದ ಹಾಗೆ ಅವನೂ ಒಂದೊಂದು ಹೆಜ್ಜೆ ಸರಿಯುವುದನ್ನು ನಾನೇ ನೋಡಿದ್ದೇನೆ.

ರಜೆ ಮುಗಿಯಲು ಆರು ದಿನ ಇದ್ದಾಗ, ನಾವು ಪಾಠಕ್ಕೆ ಕೂತಿದ್ದಲ್ಲಿಗೆ ಅವನು ಅತ್ತೆಯ ಮಾತ್ರೆ ತಂದ. ಅವಳು ಅವನ ಕೈಯನ್ನು, ಬಳೆ ಹಾಕಿಸಿಕೊಳ್ಳಲು ಬಂದವರ ಕೈ ಹಿಡಿಯುವಂತೆ, ಹಿಡಿದು ಮೇಲೆ ಕೆಳಗೆ ತಿರುಗಿಸಿ ನೋಡಿದಳು.

"ಬಣ್ಣ ಬಿಡ್ತಾ ಇದೆ ನಿಂಗೆ."

"ಹೋಗ್ಲಿ ಬಿಡಮ್ಮ."

"ಇಲ್ಲಿದ್ರೆ ಅಂಗಡಿ ನೋಡ್ಕೋತೀಯಾ?"

"ನೋಡ್ಕೋತೀನಿ."

"ಮನಸ್ಸಿಂದ ಹೇಳು."

ಅವನು ತಲೆ ತಗ್ಗಿಸಿದ. "ಅಲ್ಲಿ ಬೆಳಿಗ್ಗೆ ಗದ್ದೆಗೆ ನೀರು ಬಿಡ್ತೀವಮ್ಮ. ಸಂಜೆ ಹೊತ್ತಿಗೆ ಅಂಚಿಗೆ ಉಪ್ಪು ಕಟ್ಟಿರುತ್ತೆ. ನಾನು ಮಾಡಿದ್ದು ನಂಗೆ ಕಾಣುತ್ತೆ. ಓದೋವಾಗ ಏನೂ ಕಾಣ್ತಿರ್ಲಿಲ್ಲ," ಅಂದ.

ಮಂಗಳತ್ತೆ ಅವನ ಕೈ ಬಿಟ್ಟಳು. "ಹೋಗು ಹಂಗಾದ್ರೆ. ನಾಡಿದ್ದು ಹೊರಡು. ಕಾಲೇಜು ಬಿಟ್ಟಿದ್ದಕ್ಕೆ ನಂಗೆ ಬೇಜಾರಿಲ್ಲ ಕಣೋ. ನಾನು ಬೀದೀಲಿ ಎಲ್ಲರಿಗೂ ಕೂಗಿ ಕೂಗಿ ಓದಿಸ್ತಾ ಇದ್ದೆ. ಅದನ್ನ ನೆನೆಸ್ಕೊಂಡ್ರೆ ಮೈಯೆಲ್ಲ ಉರಿಯುತ್ತೆ." ಮಾತ್ರೆ ನುಂಗಿ ನೀರು ಕುಡಿದು ಸ್ಲೇಟನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡಳು. "ಬರಿ. ಎಷ್ಟು ಉಪ್ಪು ತೆಗೆದೆ, ಏನು ಉಂಡೆ, ಕಾಲು ಒಡೆದಿದ್ದು ಮಾಯ್ತಾ ಇದೆಯಾ, ಎಲ್ಲಾ ಬರಿ. ದೊಡ್ಡ ಅಕ್ಷರದಲ್ಲಿ ಬರಿ. ನಾನು ಓದ್ಕೋತೀನಿ."

ಅವನು ಹೋದ. ಹೋಗುವಾಗ ನನಗೆ ಬರುತ್ತೇನೆ ಅನ್ನಲಿಲ್ಲ. ಬಸ್ಸು ಹೊರಟ ಮೇಲೆ ಕಿಟಕಿಯಿಂದ ಒಮ್ಮೆ ನೋಡಿದ, ಅಷ್ಟೆ.

ನಾನು ಹೊರಡುವ ದಿನ ಬಿಸಿಲು ಮತ್ತೆ ಬಳೆಗಾರರ ಬೀದಿಯಲ್ಲಿತ್ತು. ಅವ್ವ ಅಜ್ಜಿಯನ್ನು ಕರೆದುಕೊಂಡು ಹೋಗಲು ಹಿಂದೆ ಮುಂದೆ ನೋಡಿದಳು. ಕೊನೆಗೆ ಬೀದಿಯ ತುದಿಯ ಬಾವಿಕಟ್ಟೆಯ ಮೇಲೆ ಕೂರಿಸಿದಳು. ಸ್ವಲ್ಪ ಹೊತ್ತಿಗೆ ಮಂಗಳತ್ತೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ನಡೆದು ಬಂದಳು. "ಕಲ್ಲು ತಣ್ಣಗಿದೆ, ಏಳಿ ಅಜ್ಜಿ," ಅಂತ ಕೈ ಹಿಡಿದು ಎಬ್ಬಿಸಿಕೊಂಡು ಹೋಗಿ ಮೊದಲಿನ ಜಾಗದಲ್ಲಿ ಕೂರಿಸಿದಳು. ಅವ್ವನಿಗೆ "ಹಪ್ಪಳದ ತಟ್ಟೆ ತಂದ್ಕೋ" ಅಂದಳು. ನನಗೆ ಏನೂ ಅನ್ನಲಿಲ್ಲ. ನಾನು ಜಗಲಿ ಹತ್ತದೆ ಕೆಳಗಿನ ಮೆಟ್ಟಿಲ ಮೇಲೆ ಕೂತೆ.

ಅವಳು ಒಳಗೆ ಹೋಗಿ ಸ್ಲೇಟು ತರಲಿಲ್ಲ. ಓಂಕಾರನ ಎಂಟು ಕಾಗದಗಳ ಕಟ್ಟನ್ನು ತಂದಳು. ನನಗಿಂತ ಒಂದು ಮೆಟ್ಟಿಲು ಮೇಲೆ ಕೂತು, ಎಲ್ಲಕ್ಕಿಂತ ಹಳೆಯದನ್ನು ಬಿಚ್ಚಿ ಅಕ್ಷರಗಳ ಮೇಲೆ ಬೆರಳಿಟ್ಟಳು. ಓದಲು ಶುರು ಮಾಡಿದಳು. ಒಂದು ವಾಕ್ಯ ಮುಗಿಯಲು ಬಹಳ ಹೊತ್ತು ಹಿಡಿಯಿತು.

"'ಹಾಸ್ಟೆಲಿನ ಊಟ ಚೆನ್ನಾಗಿದೆ.' ಇದು ನಿಜಾನಾ?"

"ಸುಳ್ಳು ಅತ್ತೆ. ಆಗ ಅವನು ಹಾಸ್ಟೆಲಲ್ಲಿ ಇರ್ಲಿಲ್ಲ."

ತಲೆಯಾಡಿಸಿದಳು. ಬೆರಳು ಮುಂದೆ ಸರಿಯಿತು. "'ಕೆಮ್ಮು ವಾಸಿಯಾಗಿದೆ.'"

"ಅದು ನಿಜ."

"'ಲೆಕ್ಕದ ಮೇಷ್ಟ್ರು ನನ್ನನ್ನು ಹೊಗಳಿದರು.'"

"ಸುಳ್ಳು. ಅದನ್ನ ಬರಿ ಅಂತ ನಾನೇ ಹೇಳಿದ್ದೆ."

ಅವಳು ನನ್ನ ಮುಖ ನೋಡಿದಳು. ನಾನು ಕಣ್ಣು ತಗ್ಗಿಸಲಿಲ್ಲ, ತಗ್ಗಿಸಬಾರದು ಅನ್ನಿಸಿತು. ಮತ್ತೆ ಕಾಗದಕ್ಕೆ ಬಗ್ಗಿದಳು. "'ಒಳ್ಳೆ ಗೆಳೆಯರು ಸಿಕ್ಕಿದ್ದಾರೆ.'"

"ಗೊತ್ತಿಲ್ಲ ಅತ್ತೆ. ಇರಬಹುದು."

ಒಂದು ಕಾಗದ ಮುಗಿಸಿ ಇನ್ನೊಂದು ತೆಗೆದಳು. ಜಗಲಿಯ ಮೇಲೆ ಯಾರ್‍ಯಾರೋ ಬಂದರು, ಎದ್ದರು. ಅವ್ವ ಎರಡು ಸಲ ಹಪ್ಪಳ ಮಗುಚಿ ಹಾಕಿದಳು. ನಿಜ, ಸುಳ್ಳು, ಸುಳ್ಳು, ಗೊತ್ತಿಲ್ಲ. ನಾಲ್ಕನೆಯ ಕಾಗದದ ಕೊನೆಗೆ ಬಂದಾಗ ಅವಳ ದನಿ ದಣಿದಿತ್ತು. ಅಲ್ಲಿ ಎರಡು ಸಾಲು ಉಳಿದಿತ್ತು. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸುತ್ತ ಓದಿದಳು: ಇಲ್ಲಿ ಬೆಳಗಾದರೆ ನೀನು ಅಂಗಡಿಯ ಹಲಗೆ ಸರಿಸುವ ಸದ್ದು ಕೇಳಿದ ಹಾಗಾಗುತ್ತದೆ. ಎದ್ದು ಕೂತರೆ ಏನೂ ಇರುವುದಿಲ್ಲ.

ಮತ್ತೊಮ್ಮೆ ಓದಿದಳು, ಈ ಸಲ ಎಲ್ಲೂ ತಡವರಿಸದೆ, ತನಗಷ್ಟೇ ಕೇಳುವಂತೆ. ನಾನು ಅವಳ ಪ್ರಶ್ನೆಗಾಗಿ ಕಾದೆ. ಅವಳು ಕೇಳಲಿಲ್ಲ. ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಚಿ, ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈ ಅದರ ಮೇಲೆ ಊರಿ ಸುಮ್ಮನೆ ಬೀದಿ ನೋಡುತ್ತ ಕೂತಳು. ಆಮೇಲೆ, "ಮಿಕ್ಕಿದ್ದು ನಾನೇ ಓದ್ಕೋತೀನಿ. ಏಳು, ನಿನ್ನ ಬಸ್ಸಿಗೆ ಹೊತ್ತಾಯ್ತು," ಅಂದಳು.